ಹೊಟ್ಟೆಯ ಬಣ್ಣ ನೋಡಿ ಹೆಸರು ಬರೆದ ದಿನ

ಕೆಲಸಕ್ಕೆ ಸೇರಿದ ಮೊದಲ ಚಳಿಗಾಲದಲ್ಲಿ ನಾನು ನೋಟ್‌ಬುಕ್ಕಿನಲ್ಲಿ ‘ಓಬಿಪಿ, 2’ ಅಂತ ಬರೆದೆ. ಆ ಎರಡು ಹಕ್ಕಿ ಓಬಿಪಿ ಆಗಿರಲಿಲ್ಲ. ಈ ಒಂದು ಸಾಲಿನಿಂದ ನಾನು ಕಲಿತದ್ದನ್ನು ಬರೆಯಬೇಕು ಅಂತ ತುಂಬಾ ದಿನದಿಂದ ಇತ್ತು.

ಮೊದಲು ಕೆಲಸ ಏನು ಅಂತ ಹೇಳಿಬಿಡುತ್ತೇನೆ. ನಾನು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಕರಾವಳಿಯಲ್ಲಿ ಹಕ್ಕಿ ಸರ್ವೆ ಮಾಡುತ್ತೇನೆ. ಓಬಿಪಿ ಅಂದರೆ ಆರೆಂಜ್ ಬೆಲ್ಲಿಡ್ ಪ್ಯಾರಟ್, ಕಿತ್ತಳೆ ಹೊಟ್ಟೆಯ ಗಿಳಿ. ಈ ಕೆಲಸದಲ್ಲಿರುವವರು ಯಾರೂ ಪೂರ್ತಿ ಹೆಸರು ಹೇಳುವುದಿಲ್ಲ, ಎಲ್ಲರ ಬಾಯಲ್ಲೂ ಓಬಿಪಿನೇ. ಸುಮಾರು 20 ಸೆಂಟಿಮೀಟರ್ ಉದ್ದ, ತೂಕ 50 ಗ್ರಾಮಿನ ಆಸುಪಾಸು. ಮುಷ್ಟಿಯೊಳಗೆ ಹಿಡಿಸುತ್ತದೆ. ಇಷ್ಟು ಸಣ್ಣ ಹಕ್ಕಿ ವರ್ಷಕ್ಕೆ ಎರಡು ಸಲ ಬಾಸ್ ಜಲಸಂಧಿ, ಅಂದರೆ ಆಸ್ಟ್ರೇಲಿಯಾಕ್ಕೂ ಟಾಸ್ಮೇನಿಯಾ ದ್ವೀಪಕ್ಕೂ ನಡುವಿನ ಸಮುದ್ರ, ದಾಟುತ್ತದೆ. ಬೇಸಿಗೆಯಲ್ಲಿ ಟಾಸ್ಮೇನಿಯಾದ ನೈಋತ್ಯ ಮೂಲೆಯಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ವಿಕ್ಟೋರಿಯಾ ಮತ್ತು ಸೌತ್ ಆಸ್ಟ್ರೇಲಿಯಾದ ಕರಾವಳಿಗೆ ಬರುತ್ತದೆ. ಇಲ್ಲಿ ಚಳಿಗಾಲ ಅಂದರೆ ಜೂನ್, ಜುಲೈ. ನಮ್ಮೂರಲ್ಲಿ ಮುಂಗಾರಿನ ಹೊತ್ತು.

ನಾನು ಹುಟ್ಟಿದ್ದು ಗದಗದ ಕಡೆಯ ಹಳ್ಳಿಯಲ್ಲಿ. ಗಿಳಿ ನನಗೆ ಹೊಸದಲ್ಲ. ಜೋಳ ಸೀತನಿ ಆಗುವ ಹೊತ್ತಿಗೆ ಅಟ್ಟದ ಮೇಲೆ ಕೂತು ಕವಣೆ ಬೀಸಿ ಗಿಳಿ ಓಡಿಸಿದ್ದೇನೆ. ಅಲ್ಲಿ ಯಾವ ಗಿಳಿ, ಎಷ್ಟು ಗಿಳಿ ಅಂತ ಯಾರೂ ಕೇಳುತ್ತಿರಲಿಲ್ಲ. ಹಸಿರು ಹಿಂಡು ಕಂಡರೆ ಕೂಗು ಹಾಕಬೇಕು, ಅಷ್ಟೇ. ದೂರದಿಂದ ಕಂಡದ್ದಕ್ಕೆ ಥಟ್ಟನೆ ಹೆಸರಿಡುವ ರೂಢಿ ಆಗಲೇ ಕಣ್ಣಿಗೆ ಹತ್ತಿತ್ತು ಅನ್ನಿಸುತ್ತದೆ.

ಆ ದಿನದ ವಿಷಯ. ಬೆಲ್ಲರಿನ್ ಪರ್ಯಾಯ ದ್ವೀಪದ ಒಂದು ಉಪ್ಪುಜೌಗಿನಲ್ಲಿ ಬೆಳಗ್ಗೆಯಿಂದ ನಡೆದಿದ್ದೆ. ಉಪ್ಪುಜೌಗು ಅಂದರೆ ಉಬ್ಬರದ ನೀರು ಬಂದು ಹೋಗುವ ಬಯಲು, ಕಾಲಿಟ್ಟರೆ ಕೆಸರು. ಅಲ್ಲಿ ಬೆಳೆಯುವುದು ಗ್ಲಾಸ್‌ವರ್ಟ್ ಅನ್ನುವ ಗಿಡ. ಎಲೆ ಅಂತ ಕಾಣುವುದೇ ಇಲ್ಲ, ಹಸಿರು ಮಣಿ ಪೋಣಿಸಿದ ಹಾಗೆ ಕಾಂಡ, ಬಾಯಿಗೆ ಹಾಕಿದರೆ ಬರೀ ಉಪ್ಪು. ಅದರ ಬೀಜವೇ ಚಳಿಗಾಲದಲ್ಲಿ ಓಬಿಪಿಯ ಮುಖ್ಯ ಊಟ. ಜೊತೆಗೆ ಸೀಬ್ಲೈಟ್ ಅನ್ನುವ ಇನ್ನೊಂದು ಉಪ್ಪುಗಿಡ, ದಡದ ಮರಳಲ್ಲಾದರೆ ಹೊರಗಿನಿಂದ ಬಂದ ಸೀ ರಾಕೆಟ್ ಕಳೆಯ ಬೀಜ ಕೂಡ ತಿನ್ನುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಬೀಜ ತಿಂದು ಇಡೀ ಚಳಿಗಾಲ ದಾಟಬೇಕಾದರೆ ಹಗಲೆಲ್ಲ ತಿನ್ನುತ್ತಲೇ ಇರಬೇಕು. ಹಾಗಾಗಿ ಹಕ್ಕಿ ಗಿಡದೊಳಗೆ ತಲೆ ತಗ್ಗಿಸಿಕೊಂಡೇ ಇರುತ್ತದೆ. ಹಸಿರು ಗಿಡದಲ್ಲಿ ಹಸಿರು ಹಕ್ಕಿ. ಹತ್ತು ಹೆಜ್ಜೆ ದೂರದಲ್ಲಿದ್ದರೂ ಕಾಣುವುದಿಲ್ಲ.

ಮೂರು ಗಂಟೆ ನಡೆದ ಮೇಲೆ ಎರಡು ಸಣ್ಣ ಗಿಳಿ ಎದ್ದು ತಂತಿಬೇಲಿಯ ಮೇಲೆ ಕೂತವು. ಒಂದು ನನ್ನ ಕಡೆ ತಿರುಗಿತು. ಹೊಟ್ಟೆಯಲ್ಲಿ ಕಿತ್ತಳೆ ಬಣ್ಣ. ನನ್ನ ಎದೆ ಹೊಡೆದುಕೊಂಡದ್ದು ಇನ್ನೂ ನೆನಪಿದೆ. ಕೆಲವೇ ಸೆಕೆಂಡು, ಮತ್ತೆ ಹಾರಿಹೋದವು. ಅಲ್ಲೇ ಕೂತು ಬರೆದೆ, ಅಲ್ಲಿಂದಲೇ ಮೆಸೇಜ್ ಕಳಿಸಿದೆ.

ಮರುದಿನ ಬೆಳಗಿನ ಜಾವಕ್ಕೆ ತಂಡದ ಇಬ್ಬರು ಬೇರೆ ಕಡೆ ಇದ್ದ ಸರ್ವೆ ಬಿಟ್ಟು ನನ್ನ ಜಾಗಕ್ಕೆ ಬಂದರು. ಚಳಿಯಲ್ಲಿ ಕಾದು ಕೂತರು. ಹಕ್ಕಿ ಬಂದವು, ಫೋಟೋ ಸಿಕ್ಕಿತು. ಅವು ಬ್ಲೂ ವಿಂಗ್ಡ್ ಪ್ಯಾರಟ್, ನೀಲಿ ರೆಕ್ಕೆಯ ಗಿಳಿ. ಓಬಿಪಿಯ ಹತ್ತಿರದ ನೆಂಟ, ಅದೇ ಜೌಗಿನಲ್ಲಿ ಅದೇ ಬೀಜ ತಿನ್ನುತ್ತದೆ, ಅದರಲ್ಲೂ ಕೆಲವಕ್ಕೆ ಹೊಟ್ಟೆಯಲ್ಲಿ ಕಿತ್ತಳೆ ಇರುತ್ತದೆ.

ನನಗಿಂತ ಇಪ್ಪತ್ತು ವರ್ಷ ಜಾಸ್ತಿ ಅನುಭವ ಇರುವ ಸಹೋದ್ಯೋಗಿ ಬೈಯಲಿಲ್ಲ. ಒಂದೇ ಮಾತು ಕೇಳಿದರು: ‘ಹೆಸರು ಬೇಡ. ನಿನಗೆ ಕಂಡದ್ದೇನು, ಅದನ್ನು ಹೇಳು.’ ಬೆನ್ನಿನ ಹಸಿರು ಎಂಥದ್ದು? ಗೊತ್ತಿಲ್ಲ. ರೆಕ್ಕೆಯ ನೀಲಿ ಎಷ್ಟು ಅಗಲ? ನೋಡಲಿಲ್ಲ. ಹಾರುವಾಗ ಕೂಗಿತಾ? ನೆನಪಿಲ್ಲ. ನನಗೆ ಕಂಡದ್ದು ಒಂದು ಕಿತ್ತಳೆ ಚುಕ್ಕೆ. ಉಳಿದದ್ದನ್ನೆಲ್ಲ ಆಸೆ ತುಂಬಿಕೊಟ್ಟಿತ್ತು. ಆ ಹಕ್ಕಿಯನ್ನು ನೋಡಬೇಕು ಅಂತ ನಾನು ಎಷ್ಟು ಕಾದಿದ್ದೆ ಅಂದರೆ, ನೋಡುವ ಮೊದಲೇ ಅದರ ಹೆಸರು ತಲೆಯಲ್ಲಿತ್ತು.

ಈಗ ನಾನು ಬರೆಯುವ ಕ್ರಮವೇ ಬೇರೆ. ಮೊದಲು ಬೆಳಕು ಯಾವ ಕಡೆಯಿಂದ ಬೀಳುತ್ತಿದೆ, ಗಾಳಿ ಎಷ್ಟು, ಹಕ್ಕಿ ಎಷ್ಟು ದೂರ. ಆಮೇಲೆ ಬೆನ್ನು: ಓಬಿಪಿಯದು ಎಳೆ ಹುಲ್ಲಿನ ಹಾಗೆ ಹೊಳೆಯುವ ಹಸಿರು, ನೀಲಿ ರೆಕ್ಕೆಯದು ಮಾಸಿದ ಆಲಿವ್ ಹಸಿರು. ಆಮೇಲೆ ರೆಕ್ಕೆ: ನೀಲಿ ರೆಕ್ಕೆಯದರಲ್ಲಿ ನೀಲಿ ಅಗಲ, ಓಬಿಪಿಯಲ್ಲಿ ಅಂಚಿಗಷ್ಟೇ. ಹಣೆಯ ನೀಲಿ ಪಟ್ಟಿಯ ಮೇಲಂಚಿನಲ್ಲಿ ತಿಳಿನೀಲಿ ಗೆರೆ ಇದೆಯಾ? ಇದ್ದರೆ ಓಬಿಪಿ ಇರಬಹುದು. ಆಮೇಲೆ ದನಿ: ಓಬಿಪಿ ಬೆದರಿದಾಗ ಕರೆಂಟ್ ತಂತಿ ಝುಂಯ್ ಅಂದ ಹಾಗೆ ಒಂದು ಸದ್ದು ಮಾಡುತ್ತದೆ, ಒಮ್ಮೆ ಕೇಳಿದರೆ ಮರೆಯುವುದಿಲ್ಲ. ಹೊಟ್ಟೆ ಕೊನೆಗೆ. ಹೆಸರು ಅದಕ್ಕೂ ಕೊನೆಗೆ. ಯಾವುದೂ ಸರಿಯಾಗಿ ಕಾಣಲಿಲ್ಲ ಅಂದರೆ ‘ಗುರುತು ಸಿಗಲಿಲ್ಲ’ ಅಂತಲೇ ಬರೆಯುತ್ತೇನೆ. ಆ ಕಾಲಂ ಇರುವುದೇ ಅದಕ್ಕೆ. ಮೊದಮೊದಲು ಅದರಲ್ಲಿ ಬರೆಯಲು ನಾಚಿಕೆ ಆಗುತ್ತಿತ್ತು.

ಎರಡು ಹಕ್ಕಿಗೆ ಇಷ್ಟೆಲ್ಲ ಯಾಕೆ ಅಂತ ಕೇಳಬಹುದು. 2016ರ ಬೇಸಿಗೆಗೆ ಮರಿ ಮಾಡಲು ಟಾಸ್ಮೇನಿಯಾಗೆ ವಾಪಸ್ ಬಂದ ಓಬಿಪಿ 20ಕ್ಕಿಂತ ಕಡಿಮೆ. ಅದರಲ್ಲಿ ಹೆಣ್ಣು ಬೆರಳೆಣಿಕೆಯಷ್ಟು. ಇಡೀ ಭೂಮಿಯ ಕಾಡಿನಲ್ಲಿ ಉಳಿದದ್ದು ಅಷ್ಟೇ. ಅಂಥ ಹೊತ್ತಿನಲ್ಲಿ ಇಲ್ಲದ ಎರಡು ಹಕ್ಕಿಯನ್ನು ಪುಸ್ತಕದಲ್ಲಿ ಸೇರಿಸಿದರೆ ಹತ್ತರಲ್ಲೊಂದು ಪಾಲು ಸುಳ್ಳು ಸೇರಿಸಿದ ಹಾಗೆ. ಯಾವ ಜೌಗನ್ನು ಕಾಪಾಡಬೇಕು, ಎಲ್ಲಿ ನರಿ ಮತ್ತು ಬೆಕ್ಕಿನ ಕಾಟ ತಡೆಯಬೇಕು, ಪಂಜರದಲ್ಲಿ ಬೆಳೆಸಿದ ಹಕ್ಕಿಗಳನ್ನು ಎಲ್ಲಿ ಬಿಡಬೇಕು ಅನ್ನುವುದೆಲ್ಲ ಈ ಹಾಳೆಗಳ ಮೇಲೆ ನಿಂತಿದೆ. 2017ರಿಂದ ಅಂಥ ಹಕ್ಕಿಗಳನ್ನು ಚಳಿಗಾಲಕ್ಕೆ ಮೊದಲು ವಿಕ್ಟೋರಿಯಾದ ಜೌಗುಗಳಲ್ಲಿ ಬಿಡಲು ಶುರು ಮಾಡಿದರು. ಸಮುದ್ರ ದಾಟಿ ಒಂಟಿಯಾಗಿ ಬರುವ ಕಾಡಿನ ಗಿಳಿಗೆ ಇಳಿಯಲು ಒಂದು ಹಿಂಡು ಕಾಣಲಿ ಅಂತ.

ಹಾಗೆ ಬಿಟ್ಟ ಜಾಗಗಳಲ್ಲಿ ಮೆಲ್ಬರ್ನ್ ಹತ್ತಿರದ ವೆರಿಬೀಯ ಕೊಳಚೆ ನೀರು ಶುದ್ಧೀಕರಣ ಘಟಕವೂ ಒಂದು. ವೆರಿಬೀ, ಟಾರ್ನಿಟ್ ಕಡೆ ನಮ್ಮ ಕನ್ನಡದವರು ಎಷ್ಟೋ ಜನ ಇದ್ದಾರೆ. ಮನೆಯಿಂದ ಹದಿನೈದು ಇಪ್ಪತ್ತು ನಿಮಿಷದ ದಾರಿಯಲ್ಲಿ ಪ್ರಪಂಚದ ಅತಿ ಅಪರೂಪದ ಗಿಳಿಯೊಂದು ಚಳಿಗಾಲ ಕಳೆಯುವ ಜೌಗಿದೆ ಅಂತ ಹೇಳಿದರೆ ಬಹಳ ಜನ ನಂಬುವುದಿಲ್ಲ. ಮೆಲ್ಬರ್ನಿನ ಸುಮಾರು ಅರ್ಧ ಕೊಳಚೆ ಅಲ್ಲಿಗೇ ಹೋಗುತ್ತದೆ. 10,000 ಹೆಕ್ಟೇರಿಗೂ ದೊಡ್ಡ ಜಾಗ. ಸುತ್ತಮುತ್ತ ಮನೆ ಎದ್ದವು, ರಸ್ತೆ ಬಂತು, ಎಷ್ಟೋ ಜೌಗು ಬತ್ತಿಹೋಯಿತು. ಕೊಳಚೆ ಘಟಕಕ್ಕೆ ಅಂತ ಮೀಸಲಿಟ್ಟ ನೆಲ ಮಾತ್ರ ಹಾಗೇ ಉಳಿಯಿತು.

ತಪ್ಪಾಗಿ ಬರೆಯುವುದನ್ನು ಬಿಡುವುದು ಒಂದು. ಇನ್ನೊಂದು, ಸೊನ್ನೆ ಬರೆಯುವುದು. ನಿಜ ಹೇಳಬೇಕೆಂದರೆ ನನಗೆ ಇದೇ ಜಾಸ್ತಿ ಕಷ್ಟ ಆಯಿತು. ಚಳಿಗಾಲದಲ್ಲಿ ಇಡೀ ಕರಾವಳಿಯಲ್ಲಿ ಒಂದೇ ವಾರಾಂತ್ಯಕ್ಕೆ ಜನ ಹಂಚಿಕೊಂಡು ಎಣಿಸುತ್ತಾರೆ. ಅದರಲ್ಲಿ ಸ್ವಯಂಸೇವಕರೇ ಜಾಸ್ತಿ. ಹೆಚ್ಚಿನವರ ಹಾಳೆಯಲ್ಲಿ ಓಬಿಪಿ ಸೊನ್ನೆ. ನನ್ನ ಎರಡನೇ ಚಳಿಗಾಲ ಪೂರ್ತಿ ಸೊನ್ನೆ. ಆಗ ‘ಸುಮ್ನೆ ಬಂದು ಸುಮ್ನೆ ಹೋದೆ, ಕಳಿಸುವುದೇನಿದೆ’ ಅನ್ನಿಸಿ ಒಂದು ಹಾಳೆ ಕಳಿಸಲೇ ಇಲ್ಲ. ಹಾಳೆ ಬರದಿದ್ದರೆ ಆ ಜಾಗಕ್ಕೆ ಯಾರೂ ಹೋಗಲಿಲ್ಲ ಅಂತಲೇ ಲೆಕ್ಕ. ಹೋಗಿ ನೋಡಿದೆ, ಹಕ್ಕಿ ಇರಲಿಲ್ಲ ಅನ್ನುವುದಕ್ಕೂ, ಹೋಗಲೇ ಇಲ್ಲ ಅನ್ನುವುದಕ್ಕೂ ಎಷ್ಟು ವ್ಯತ್ಯಾಸ ಅಲ್ವಾ? ಮೂರು ಗಂಟೆ ಕೆಸರು ತುಳಿದದ್ದನ್ನು ನಾನೇ ಅಳಿಸಿಹಾಕಿದ್ದೆ.

ಆ ಸೊನ್ನೆಗಳ ಹಿಂದೆ ಏನಿದೆ ಅಂತ ಗೊತ್ತಾದದ್ದು ಟಾಸ್ಮೇನಿಯಾದ ಮೆಲಲೂಕಾಗೆ ಹೋದಾಗ. ಕಾಡಿನ ಓಬಿಪಿ ಈಗ ಮರಿ ಮಾಡುವುದು ಅದೊಂದೇ ಜಾಗದಲ್ಲಿ. ರಸ್ತೆ ಇಲ್ಲ. ಹೋಬಾರ್ಟಿನಿಂದ ಸಣ್ಣ ವಿಮಾನ, ಇಲ್ಲವೇ ದೋಣಿ, ಇಲ್ಲವೇ ದಿನಗಟ್ಟಲೆ ನಡಿಗೆ. ತವರ ತೆಗೆಯುತ್ತಾ ಅಲ್ಲೇ ಬದುಕಿದ ಡೆನಿ ಕಿಂಗ್ ಅನ್ನುವವರು ಕಟ್ಟಿದ ಏರ್‌ಸ್ಟ್ರಿಪ್‌ನಲ್ಲೇ ವಿಮಾನ ಇಳಿಯುತ್ತದೆ. ಹಕ್ಕಿ ನೋಡುವ ಮರೆಮನೆಗೂ ಅವರದೇ ಹೆಸರು. ಅಲ್ಲಿ ಸುತ್ತಲೂ ಬಟನ್ ಗ್ರಾಸ್ ಹುಲ್ಲಿನ ಬಯಲು. ಅದರ ನಡುವಿನ ಪುಟ್ಟ ಗಿಡಗಳ ಬೀಜ ಓಬಿಪಿಯ ಬೇಸಿಗೆ ಊಟ. ಬೆಂಕಿ ಬೀಳದೆ ಬಹಳ ವರ್ಷ ಆದರೆ ಹುಲ್ಲು ದಟ್ಟವಾಗಿ ಆ ಗಿಡಗಳು ಮುಚ್ಚಿಹೋಗುತ್ತವೆ. ಸುಟ್ಟು ಕೆಲವು ವರ್ಷ ಆದ ಬಯಲೇ ಹಕ್ಕಿಗೆ ಬೇಕು. ಹಿಂದೆ ಅಲ್ಲಿನ ಮೂಲ ನಿವಾಸಿಗಳು ಹದ ನೋಡಿ ಬೆಂಕಿ ಹಾಕುತ್ತಿದ್ದರು. ಅವರನ್ನು ಆ ನೆಲದಿಂದ ಓಡಿಸಿದ ಮೇಲೆ ಆ ಬೆಂಕಿಯೂ ನಿಂತಿತು.

ಅಲ್ಲಿ ಮರದ ಪೊಟರೆ ಜೊತೆಗೆ ಗೂಡಿನ ಪೆಟ್ಟಿಗೆಗಳನ್ನೂ ಕಟ್ಟಿದ್ದಾರೆ. ಹೆಣ್ಣು ನಾಲ್ಕೈದು ಮೊಟ್ಟೆ ಇಟ್ಟು ಮೂರು ವಾರ ಕಾವು ಕೂರುತ್ತದೆ, ಗಂಡು ಊಟ ತಂದುಕೊಡುತ್ತದೆ. ಮರಿಯ ಕಾಲಿಗೆ ಬಣ್ಣದ ಬ್ಯಾಂಡ್ ಹಾಕುತ್ತಾರೆ. ಮಗುವಿಗೆ ಕಡಗ ಹಾಕಿದ ಹಾಗೆ ಕಾಣುತ್ತದೆ, ಅದರ ಮೇಲೆ ಅಕ್ಷರ. ಕಾಳು ಇಟ್ಟ ಮೇಜಿಗೆ ಹಕ್ಕಿ ಬಂದಾಗ ಆ ಅಕ್ಷರ ಓದಿ ಯಾರು ವಾಪಸ್ ಬಂದರು, ಯಾರು ಬರಲಿಲ್ಲ ಅಂತ ಬರೆಯುತ್ತಾರೆ. ಸಿ ಮತ್ತು ಜಿ ಸ್ಕೋಪ್‌ನಲ್ಲಿ ಒಂದೇ ಥರ ಕಾಣುತ್ತವೆ. ನಾವು ಇಬ್ಬರು ಬೇರೆ ಬೇರೆಯಾಗಿ ಓದಿ, ಮಾತಾಡದೆ ಬರೆದುಕೊಂಡು, ಆಮೇಲೆ ಹಾಳೆ ಹೋಲಿಸುತ್ತಿದ್ದೆವು. ಹೊಂದದಿದ್ದರೆ ಮತ್ತೆ ಕಾಯುವುದು.

ಬೇಸಿಗೆ ಮುಗಿಯುವಾಗ ದೊಡ್ಡ ಹಕ್ಕಿಗಳು ಮೊದಲು ಹೊರಡುತ್ತವೆ. ಮರಿಗಳು ಆಮೇಲೆ, ತಾವೇ, ದಾರಿ ತೋರಿಸುವ ಅಪ್ಪ ಅಮ್ಮ ಇಲ್ಲದೆ. ಕೆಲವೇ ತಿಂಗಳ ಹಿಂದೆ ಮೊಟ್ಟೆಯೊಡೆದು ಬಂದ ಜೀವ, ಒಮ್ಮೆಯೂ ನೋಡದ ಜೌಗಿಗೆ ಸಮುದ್ರದ ಮೇಲೆ ಹೊರಡುತ್ತದೆ. 1990ರ ದಶಕದ ನಡುವಿನಲ್ಲಿ ಸುಮಾರು ಅರ್ಧದಷ್ಟು ಮರಿಗಳು ಮೊದಲ ವರ್ಷ ದಾಟುತ್ತಿದ್ದವು. 2017ರ ಹೊತ್ತಿಗೆ ಅದು ಐದರಲ್ಲೊಂದಕ್ಕೆ ಇಳಿದಿತ್ತು. ಹತ್ತು ಬ್ಯಾಂಡ್ ಹಾಕಿದರೆ ಎರಡು ವಾಪಸ್. ಉಳಿದ ಎಂಟು ನಾವು ಚಳಿಗಾಲದಲ್ಲಿ ಸೊನ್ನೆ ಬರೆಯುವ ಇದೇ ಕರಾವಳಿ ಮತ್ತು ಆ ಸಮುದ್ರದ ನಡುವೆ ಎಲ್ಲೋ ಮುಗಿಯುತ್ತವೆ. ಅದು ತಿಳಿದ ಮೇಲೆ ಕೈ ಹಗುರಾಗಿ ಯಾವ ಅಂಕಿಯನ್ನೂ ಬರೆಯಲು ಆಗುವುದಿಲ್ಲ.

ಪಂಜರದಲ್ಲಿ ಬೆಳೆಸಿ ಬಿಟ್ಟ ಹಕ್ಕಿಗಳಿಂದ ಸಂಖ್ಯೆ ಏರಿದೆ. 2020ರಲ್ಲಿ ಮೆಲಲೂಕಾಗೆ 51 ವಾಪಸ್ ಬಂದವು, ಮರುವರ್ಷ 70. ಆದರೆ ಪಂಜರದಲ್ಲಿ ಹುಟ್ಟಿದ ಕೆಲವು ಹಕ್ಕಿಗಳ ರೆಕ್ಕೆಯ ಆಕಾರವೇ ಬದಲಾಗಿರುತ್ತದೆ, ಅಂಥವು ವಲಸೆಯಲ್ಲಿ ಬದುಕುವುದು ಕಮ್ಮಿ ಅಂತ ಕಂಡುಬಂದಿದೆ. ಗರಿಯ ಉದ್ದವನ್ನು ಕೂತು ಮಿಲಿಮೀಟರಿನಲ್ಲಿ ಅಳೆದವರಿಂದ ತಿಳಿದದ್ದು ಇದು.

ಅಪ್ಪನಿಗೆ ಫೋನಿನಲ್ಲಿ ಒಮ್ಮೆ ಇದನ್ನೆಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬೀಜ ಸಾಕಷ್ಟು ಐತೇನು ಅವಕ್ಕ?’ ಅಂತ ಕೇಳಿದರು. ಅಷ್ಟು ವರ್ಷ ಗಿಳಿಯಿಂದ ಜೋಳ ಕಾಪಾಡಿದವರು.

ಈ ಸಲದ ಹಾಳೆ ನಿನ್ನೆ ರಾತ್ರಿಯೇ ಕಳಿಸಿದೆ. ಬೆಳಗ್ಗೆ ಏಳರಿಂದ ಹತ್ತೂವರೆ. ನೈಋತ್ಯದ ಗಾಳಿ, ಜೋರು. ನೀಲಿ ರೆಕ್ಕೆ 11. ಓಬಿಪಿ 0. ಗುರುತು ಸಿಗದ್ದು 1: ಸೂರ್ಯನಿಗೆ ಎದುರಾಗಿ ಹಾರಿತು, ಬೆನ್ನು ಕಾಣಲಿಲ್ಲ, ದನಿ ಗಾಳಿಯಲ್ಲಿ ಕೇಳಲಿಲ್ಲ, ಹೊಟ್ಟೆಯಲ್ಲಿ ಕಿತ್ತಳೆ.