ಮಣ್ಣೆತ್ತಿನ ಅಮಾಸಿಗೆ ಮನೆಗೆ

ಕಾರ ಹುಣ್ಣಿಮೆಗೆ ಬರಲಾಗದಿದ್ದರೂ, ಮಣ್ಣಿನ ಎತ್ತು ಮಾಡಿ ಪೂಜಿಸುವ ಮಣ್ಣೆತ್ತಿನ ಅಮಾಸಿಗೆ ಮನೆ ಸೇರಲೇಬೇಕು ಎಂಬುದು ಗುಳೆ ಹೋಗುವ ನಮ್ಮ ಮಂದಿಯ ನೇಮ. ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಹಿಂಗಾರಿ ಜೋಳ, ಕಡಲೆ ಮನೆಗೆ ಬಂದ ಮೇಲೆ ಹೊಲದಲ್ಲಿ ಕೈಗೆ ಕೆಲಸವಿಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು, ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು ಕಡೆ ಭತ್ತ ಬೆಳೆಸಿತು. ನಮ್ಮ ಎತ್ತರದ ನೆಲಕ್ಕೆ ಆ ನೀರು ಹತ್ತಲಿಲ್ಲ. ಹಾಗಾಗಿ ನಮಗೆ ಬೇಸಿಗೆ ಎಂದರೆ ಬೆಂಗಳೂರು, ಮಂಗಳೂರು, ಗೋವಾ. ಕಟ್ಟಡದ ಕೆಲಸ, ತಗಡಿನ ಶೆಡ್ಡು. ರೋಹಿಣಿ ಮಳೆ ಬಿತ್ತೆಂದು ಊರಿಂದ ಫೋನು ಬಂದರೆ ಗಂಟು ಕಟ್ಟುತ್ತೇವೆ. ಈ ಸಲ ಪಗಾರದ ಲೆಕ್ಕ ಮುಗಿಯದೆ ಹುಣ್ಣಿಮೆ ಅಲ್ಲೇ ಕಳೆಯಿತು. ಅತ್ತೆ ಫೋನಿನಲ್ಲಿ ಒಂದೇ ಮಾತು ಹೇಳಿದರು: "ಕರಿ ಹರಿಯೋದು ಮುಂದಿನ ವರ್ಷ ನೋಡಾಕ ಸಿಗತೈತಿ, ಅಮಾಸಿ ಮಾತ್ರ ತಪ್ಪಿಸಬ್ಯಾಡ್ರಿ."

ಆ ಮಾತಿನ ಭಾರ ನನಗೆ ಗೊತ್ತು. ಕಾರ ಹುಣ್ಣಿಮೆ ಎತ್ತು ಇದ್ದವರ ಹಬ್ಬ. ಹೊನ್ನುಗ್ಗಿ, ಮೈತೊಳೆಯುವುದು, ಕೊಂಬಿಗೆ ಬಣ್ಣ, ಸಂಜೆ ಊರ ಬಾಗಿಲಾದ ಅಗಸಿಯಲ್ಲಿ ಎತ್ತು ಓಡಿಸಿ ತೋರಣ ಹರಿಸುವ ಕರಿ. ಬಿಳಿ ಎತ್ತು ಮುಂದೆ ಬಂದರೆ ಹಿಂಗಾರಿ, ಕೆಂದೆತ್ತು ಬಂದರೆ ಮುಂಗಾರಿ ಬೆಳೆ ಚೆನ್ನಾಗಿ ಬರುತ್ತದೆ ಎಂದು ಊರೆಲ್ಲ ಕೂಗುತ್ತದೆ. ಬರಗಾಲದಲ್ಲಿ ಜೋಡಿ ಮಾರಿದ ಮೇಲೆ ನಮ್ಮ ಮಾವ ಆ ಸಂಜೆ ಅಗಸಿಯ ಕಡೆ ಹೋದದ್ದೇ ಇಲ್ಲ. ಆದರೆ ಹದಿನೈದು ದಿನಕ್ಕೆ ಬರುವ ಅಮಾವಾಸ್ಯೆಯಂದು ಅವರೇ ಮುಂಜಾನೆ ಎದ್ದು ಹಳ್ಳದ ದಂಡೆಯಿಂದ ಕಪ್ಪು ಎರಿಮಣ್ಣು ತರುತ್ತಿದ್ದರು. ಕುಂಬಾರರ ಮನೆಯಿಂದ ಜೋಳ ಕೊಟ್ಟು ಎತ್ತು ತರುವ ಮನೆಗಳು ಬೇಕಾದಷ್ಟಿವೆ. ಮಾವ ಮಾತ್ರ ತಮ್ಮ ಕೈಯಿಂದಲೇ ಮಾಡಬೇಕೆನ್ನುತ್ತಿದ್ದರು. ಈಗ ಅವರಿಲ್ಲ, ಆ ಕೆಲಸ ನನ್ನ ಗಂಡನದು, ಮಣ್ಣು ನಾದುವುದು ನನ್ನದು.

ಬೇಸಿಗೆಯೆಲ್ಲ ಸಿಮೆಂಟು ಕಲಸಿದ ಕೈ. ಸಿಮೆಂಟು ಬೆರಳ ಸಂದಿಯನ್ನು ತಿನ್ನುತ್ತದೆ, ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿದರೂ ಉರಿ ಹೋಗುವುದಿಲ್ಲ. ಅದೇ ಕೈಯನ್ನು ನೆನೆದ ಎರಿಮಣ್ಣಿನೊಳಗೆ ಇಟ್ಟಾಗ, ದೇವರ ಮುಂದೆ ಕೂಡುವ ಮೊದಲೇ ನನ್ನ ಪೂಜೆ ಶುರುವಾಗಿರುತ್ತದೆ. ಕಲ್ಲು, ಕಸ ಆರಿಸಿ, ಮಣ್ಣು ಬೆಣ್ಣೆಯಂತಾಗುವ ತನಕ ನಾದುತ್ತೇನೆ. ಒಂದು ಜೋಡಿ ಎತ್ತು, ಎದುರಿಗೊಂದು ಗ್ವಾದಲಿ, ಅಂದರೆ ಮೇವು ಹಾಕುವ ತೊಟ್ಟಿ. ಕಣ್ಣಿಗೆ ಗುಲಗಂಜಿ, ಮೈಮೇಲೆ ಸಾಲಾಗಿ ಕುಸುಬಿ ಕಾಳು. ಬೆನ್ನ ಮೇಲಿನ ಇಣಿ (ಡುಬ್ಬ) ಎದ್ದು ಕಾಣಬೇಕು, ಇಲ್ಲದಿದ್ದರೆ ಅತ್ತೆ ಒಪ್ಪುವುದಿಲ್ಲ.

ನಮ್ಮ ಮನೆಯ ನಿಜವಾದ ಗ್ವಾದಲಿಯಲ್ಲಿ ಈಗ ಉರುವಲು ಕಟ್ಟಿಗೆ ತುಂಬಿದೆ, ಎತ್ತು ಕಟ್ಟುವ ಗೂಟದ ಪಕ್ಕ ಬೈಕು ನಿಂತಿದೆ. ಬಿತ್ತನೆಗೆ ಬಾಡಿಗೆ ಟ್ರ್ಯಾಕ್ಟರು ಬರುತ್ತದೆ. ಆದರೂ ಜಗಲಿಯ ಮೇಲಿನ ಮಣ್ಣಿನ ಗ್ವಾದಲಿಗೆ ಅತ್ತೆ ಎಳೆ ಹುಲ್ಲು ಹಾಕಿ, ಹೋಳಿಗೆ ಎಡೆ ಹಿಡಿದು ಬೇಡಿಕೊಳ್ಳುತ್ತಾರೆ: "ಬಸವಣ್ಣ, ಹೊಲದಾಗ ನಿನ್ನ ಹೆಜ್ಜಿ ಇಲ್ಲದಂಗಾತು. ಮನ್ಯಾಗರ ಇರಪಾ." ಪ್ರತಿ ವರ್ಷ ಇದೇ ಮಾತು. ಪ್ರತಿ ವರ್ಷ ನನಗೆ ಕಣ್ಣು ತುಂಬುತ್ತದೆ.

ಎತ್ತು ಇಲ್ಲದವರು ಸಮಾಧಾನಕ್ಕೆ ಮಾಡಿಕೊಂಡ ಹಬ್ಬ ಇದೆಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ನಾಲ್ಕೆತ್ತಿನ ಗೌಡರ ಮನೆಯಲ್ಲೂ ಆ ದಿನ ಮಣ್ಣಿನ ಜೋಡಿಯೇ ಜಗಲಿ ಏರಬೇಕು. ಅಲ್ಲಿಯೂ ಗೇಣುದ್ದ, ನಮ್ಮಲ್ಲಿಯೂ ಗೇಣುದ್ದ. ಕೊಟ್ಟಿಗೆಯ ಎತ್ತಿಗೆ ಅಂದು ನೊಗ ಹೂಡುವುದಿಲ್ಲ. ದುಡಿಯುವ ಎತ್ತು, ಅದು ತುಳಿಯುವ ಮಣ್ಣು, ಎರಡೂ ಒಂದೇ ಮೂರ್ತಿಯಲ್ಲಿ ನಮ್ಮ ಪೂಜೆ ತೆಗೆದುಕೊಳ್ಳುತ್ತವೆ. ಮಣ್ಣು ಬಿಟ್ಟು ತಿಂಗಳುಗಟ್ಟಲೆ ಪರಊರಲ್ಲಿದ್ದು ಬಂದವರಿಗೆ ಇದಕ್ಕಿಂತ ಹತ್ತಿರದ ದೇವರು ಯಾವುದು? ಹುಲಿಗೆಮ್ಮನಿಗೆ ಹರಕೆ ತೀರಿಸಲು ಹುಲಿಗಿಗೆ ಬಸ್ಸು ಹತ್ತಬೇಕು. ಈ ಬಸವಣ್ಣನಿಗೆ ಅಂಗಳದಾಚೆಯ ಮಣ್ಣು ಸಾಕು. ಬಿತ್ತುವ ಮೊದಲು ಆ ಮಣ್ಣಿಗೆ ಕೈ ಮುಗಿದು, 'ಬಂದೀವಿ ತಾಯಿ' ಎಂದು ಹೇಳದೆ ಹೆಸರು ಕಾಳು ಉಡಿಗೆ ಹಾಕಿಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ.

ಮರುದಿನ ಹುಡುಗರ ಗದ್ದಲ. ಒಬ್ಬನ ಕಾಲಿಗೆ ಗೆಜ್ಜೆ ಕಟ್ಟಿ ಕುಂಟೆತ್ತು ಮಾಡಿಕೊಂಡು ಮನೆಮನೆಗೆ ಬಂದು ಜೋಳ ಕೇಳುತ್ತಾರೆ. ಈ ಸಲ ಕುಂಟೆತ್ತು ನನ್ನ ಮಗನೇ. ತಿಂಗಳುಗಟ್ಟಲೆ ಊರಲ್ಲಿಲ್ಲದ ನಮ್ಮನ್ನು ಕಂಡು ನಾಚಿ ದೂರ ದೂರ ನಿಲ್ಲುತ್ತಿದ್ದವನು, ಕುಂಟುತ್ತ ಕುಂಟುತ್ತ ನಮ್ಮ ಹೊಸ್ತಿಲಿಗೇ ಬಂದು ನಿಂತ. ಮೊರದ ತುಂಬ ಜೋಳ ನೀಡಿದೆ.

ಮಣ್ಣಿನ ಪೂಜೆ ಇಲ್ಲಿಗೆ ಮುಗಿಯುವುದಿಲ್ಲ. ಮುಂದೆ ಹುಡುಗಿಯರು ಪೂಜಿಸುವ ಗುಳ್ಳವ್ವ, ಪಂಚಮಿಯ ನಾಗಪ್ಪ, ಗಣಪ್ಪ, ಜೋಕುಮಾರ, ಎಲ್ಲರೂ ಮಣ್ಣಿನಿಂದಲೇ ಎದ್ದು ಬರಬೇಕು. ಅಷ್ಟರಲ್ಲಿ ಹೆಸರು ಬಿಡಿಸಿ, ಸಜ್ಜೆ ತೆನೆಗಟ್ಟಿರುತ್ತದೆ. ಆಷಾಢದ ಮೊದಲ ಮಂಗಳವಾರದ ಗುಳ್ಳವ್ವನಿಗೆ ಮಣ್ಣು ಎಲ್ಲಿಂದ ತರಬೇಕೆಂದು ಮಗಳು ಗೆಳತಿಯರ ಜತೆ ಈಗಲೇ ಮಾತಾಡಿಕೊಂಡಿದ್ದಾಳೆ. ನಾದಿ ಕೊಡಲು ನಾನು ಊರಲ್ಲಿದ್ದೇನೆ.