ಬಿಗಿಯಾಗಿ ಹಿಡಿದಷ್ಟೂ ಕಳಚುವ ಗ್ರಿಪ್ಪು

ಮಂಡ್ಯದ ಗುತ್ತಲು ರಸ್ತೆಯ ಸೈಕಲ್ ಷಾಪಿನಲ್ಲಿ ಮಂಗಳವಾರ ಕೇಳಿದ ಎರಡು ಮಾತುಗಳು ಇಡೀ ವಾರ ನನ್ನ ತಲೆಯಲ್ಲೇ ಸುತ್ತುತ್ತಿವೆ. ಹೈಸ್ಕೂಲಿನ ಹುಡುಗಿಯೊಬ್ಬಳು ತನ್ನ ಸೈಕಲ್ಲಿನ ಬಲಗಡೆಯ ಗ್ರಿಪ್ಪನ್ನು ಕೈಯಲ್ಲಿ ಹಿಡಿದುಕೊಂಡು ತಂದೆಯೊಂದಿಗೆ ಬಂದಿದ್ದಳು. ನಾಲೆ ಏರಿಯಿಂದ ಇಳಿಯುವಾಗ ಅದು ಕಳಚಿ ಬಂದು, ಬಿದ್ದು, ಮೊಣಕೈ ತರಚಿಕೊಂಡಿದ್ದಳು.

"ಭದ್ರವಾಗಿ ಹಿಡ್ಕಂಡು ಓಡ್ಸು ಅಂದ್ರೆ ಕೇಳಾಕಿಲ್ಲ. ಇದಕ್ಕೆಲ್ಲ ಏನ್ ರಿಪೇರಿ ಬುಡಿ" ಎಂದರು ತಂದೆ.

"ಬಿಗಿಯಾಗಿ ಹಿಡ್ಕಂಡಷ್ಟೂ ಬೇಗ ಕಳಚ್ಕತದೆ ಕಣಣ್ಣ" ಎಂದರು ಅಂಗಡಿಯ ಹಿರಿಯರು, ಮಾಡುತ್ತಿದ್ದ ಪಂಕ್ಚರಿನಿಂದ ತಲೆಯೆತ್ತದೆ.

ಅವರ ಮಾತು ಅಕ್ಷರಶಃ ನಿಜ. ಹ್ಯಾಂಡಲ್ ಕೊಳವೆಯ ಹೊರವ್ಯಾಸ ಸಾಮಾನ್ಯವಾಗಿ 22.2 ಮಿಲಿಮೀಟರ್, ಗ್ರಿಪ್ಪಿನ ಒಳವ್ಯಾಸ ಅದಕ್ಕಿಂತ ತುಸು ಕಡಿಮೆ ಇರುವುದರಿಂದಲೇ ರಬ್ಬರು ಹಿಗ್ಗಿ ಕೊಳವೆಯನ್ನು ಕಚ್ಚಿಕೊಳ್ಳುತ್ತದೆ. ಬಿಸಿಲು, ಬೆವರು, ಎಣ್ಣೆ ತಗುಲಿ ವರ್ಷಗಳು ಕಳೆದಂತೆ ಆ ಕಚ್ಚು ಸಡಿಲವಾಗುತ್ತದೆ. ಈ ಸೈಕಲ್ಲು ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆಂದು ಕೊಡುತ್ತಿದ್ದ ಕಾಲದಲ್ಲಿ ಅಕ್ಕನಿಗೆ ಸಿಕ್ಕಿದ್ದು, ಈಗ ತಂಗಿಯ ಪಾಲಿಗೆ ಬಂದಿದೆ. ಸಡಿಲ ಗ್ರಿಪ್ಪನ್ನು ಭಯದಿಂದ ಅಮುಕಿ ಎಳೆದಷ್ಟೂ ಅದು ತಿರುಗಿ ಹೊರಕ್ಕೇ ಸರಿಯುತ್ತದೆ. ಹುಡುಗಿ ತಂದೆ ಹೇಳಿದಂತೆಯೇ ಹಿಡಿದಿದ್ದಳು, ಅದಕ್ಕೇ ಬಿದ್ದಳು.

ಹಳೆಯದನ್ನು ಹಿರಿಯರು ಪಕ್ಕಕ್ಕೆ ಎಸೆದರು. ಕೊಳವೆಯ ತುಕ್ಕನ್ನು ಮರಳು ಕಾಗದದಿಂದ ಉಜ್ಜಿ, ಸ್ಪಿರಿಟ್ಟಿನಲ್ಲಿ ಒರೆಸಿ, ಪಂಕ್ಚರಿಗೆ ಹಚ್ಚುವ ಸಲ್ಯೂಷನ್ನನ್ನೇ ತೆಳುವಾಗಿ ಸವರಿ, ಹೊಸ ಗ್ರಿಪ್ಪನ್ನು ತಿರುಚುತ್ತಾ ಕೊನೆಯವರೆಗೂ ತಳ್ಳಿದರು. ಎಡಗಡೆಯದನ್ನೂ ಹಾಗೆಯೇ ಬದಲಿಸಿದರು. ಸೋಪಿನ ನೀರು ಹಾಕಿದರೆ ಸುಲಭವಾಗಿ ಕೂರುತ್ತದಲ್ಲ ಎಂದು ನಾನು ಕೇಳಿದಾಗ, ಅಷ್ಟೇ ಸುಲಭವಾಗಿ ಆಚೆಗೂ ಬರುತ್ತದೆ ಎಂದರು. ದುಬಾರಿ ಗೇರ್ ಸೈಕಲ್ಲುಗಳ ಗ್ರಿಪ್ಪಿಗೆ ಬಿಗಿಯುವ ಸ್ಕ್ರೂ ಇರುತ್ತದೆ, ಇಲ್ಲಿ ಇರುವುದು ಅಂಟು ಮತ್ತು ತಾಳ್ಮೆ ಮಾತ್ರ. ಟ್ಯೂಷನ್ನಿಗೆ ಹೊತ್ತಾಯಿತೆಂದು ತಂದೆ ಆಗಲೇ ಸೈಕಲ್ಲು ಕೇಳಿದರೂ, ಒಣಗಬೇಕು, ಬೆಳಿಗ್ಗೆ ಬನ್ನಿ ಎಂದು ಕಳಿಸಿಬಿಟ್ಟರು. ಗಿರಾಕಿಗೆ ಹೀಗೆ ಇಲ್ಲವೆನ್ನುವ ಕಸುಬುದಾರರ ಮೇಲೆ ನನಗೆ ಬಹಳ ಗೌರವವಿದೆ.

ಆ ತಂದೆ ಕೆಟ್ಟವರೇನಲ್ಲ. ಮಗಳ ಮೊಣಕೈಯ ಧೂಳನ್ನು ತಮ್ಮ ಟವೆಲಿನಿಂದ ಒರೆಸುತ್ತಲೇ ಗದರುತ್ತಿದ್ದರು. ಆದರೂ ಅವರ ಮಾತು ನನ್ನನ್ನು ಕಾಡುವುದು, ಅದನ್ನು ನಮ್ಮೆಲ್ಲರ ಮನೆಗಳಲ್ಲೂ ಕೇಳಿರುವುದರಿಂದ. ಮೆಟ್ಟಿಲು ಒಡೆದಿದ್ದರೆ ನೋಡಿಕೊಂಡು ಇಳಿ ಎನ್ನುತ್ತೇವೆ, ಸ್ವಿಚ್ಚು ಶಾಕ್ ಹೊಡೆದರೆ ಮುಟ್ಟಬೇಡ ಎನ್ನುತ್ತೇವೆ. ವಸ್ತುವಿನ ಕೊರತೆಯನ್ನು ಮಕ್ಕಳ ಎಚ್ಚರದಿಂದ ತುಂಬಿಸುವುದು ನಮಗೆ ಅಗ್ಗವಾಗಿ ಕಾಣುತ್ತದೆ, ಪೆಟ್ಟು ಬಿದ್ದಾಗ ತಪ್ಪೂ ಅವರದೇ ಆಗುತ್ತದೆ.

ಗ್ರಿಪ್ಪಿನ ವಿಷಯದಲ್ಲಿ ಇದು ಚಿಕ್ಕ ಅಪಾಯವೂ ಅಲ್ಲ. ಮುಚ್ಚಳವಿಲ್ಲದ ಕೊಳವೆಯ ಬಾಯಿ ಬೀಳುವ ಮಗುವಿನ ಹೊಟ್ಟೆಗೆ ಒತ್ತಿದರೆ, ಹೊರಗೆ ಗಾಯ ಕಾಣದಿದ್ದರೂ ಒಳಗೆ ಯಕೃತ್ತಿಗೋ ಗುಲ್ಮಕ್ಕೋ ಏಟಾಗಬಹುದು. ಮನೆಯಲ್ಲಿ ಮಕ್ಕಳ ಸೈಕಲ್ಲು ಇರುವವರು ದಯವಿಟ್ಟು ಇಂದೇ ಎರಡೂ ಗ್ರಿಪ್ಪುಗಳನ್ನು ಬಲವಾಗಿ ತಿರುಚಿ ನೋಡಿ. ಮಳೆ ಬಂದ ಮೇಲೆ ಮತ್ತೊಮ್ಮೆ ನೋಡಿ, ಏಕೆಂದರೆ ಒಣಗಿದ್ದಾಗ ಅಲುಗದ ಗ್ರಿಪ್ಪು ಒಳಗೆ ನೀರಿಳಿದರೆ ಜಾರುವುದುಂಟು.