ಕುಸುಬೆಯ ಹೇನು, ಮುದ್ರೆಯ ಅರಗು

ಆಳಂದ ತಾಲ್ಲೂಕಿನ ನಮ್ಮ ಹೊಲದಲ್ಲಿ ಹಿಂಗಾರಿ ಜೋಳದ ಅಂಚಿಗೆ ಕುಸುಬೆ ಹಾಕುವುದು ಅಪ್ಪನ ಕಾಲದ ರೂಢಿ. ಮುಳ್ಳಿಗೆ ಹೆದರಿ ದನ ಒಳಗೆ ನುಗ್ಗುವುದಿಲ್ಲ, ಗಾಣಕ್ಕೆ ಒಂದಿಷ್ಟು ಕಾಳೂ ಸಿಗುತ್ತದೆ. ದನ ಹೆದರಿದರೇನು, ಹೇನು ಹೆದರಬೇಕಲ್ಲ! ಚಳಿಗಾಲದಲ್ಲಿ ನಾಲ್ಕು ದಿನ ಮೋಡ ಕವಿದರೆ ಸಾಕು, ಎಳೆ ಕುಡಿಗಳಿಗೆಲ್ಲ ಕರಿ ಹೇನು ಮೆತ್ತಿಕೊಳ್ಳುತ್ತದೆ. ಸೂಜಿಯಂಥ ಬಾಯಿಯನ್ನು ಕಾಂಡಕ್ಕೆ ಚುಚ್ಚಿ ಕೂತ ತಾಯಿಹೇನು ಗಂಡಿನ ಹಂಗಿಲ್ಲದೆ ಮರಿ ಹಾಕುತ್ತಲೇ ಇರುತ್ತದೆ. ಹೀರಿದ ರಸದಲ್ಲಿ ಮಿಕ್ಕ ಸಕ್ಕರೆಯನ್ನು ಹಿಂದಿನಿಂದ ಹನಿಸುತ್ತದೆ. ಕೆಳಗಿನ ಎಲೆಗಳು ಎಣ್ಣೆ ಹಚ್ಚಿದಂತೆ ಹೊಳೆಯುತ್ತವೆ. ಆಮೇಲೆ ಆ ಅಂಟಿನ ಮೇಲೆ ಕಪ್ಪು ಬೂಷ್ಟು ಹಬ್ಬಿ ಎಲೆಗೆ ಬಿಸಿಲೇ ತಾಗುವುದಿಲ್ಲ.

ನಾನು ಅಂಚೆ ಕಚೇರಿಯಲ್ಲಿ ದುಡಿದವನು. ವಿಮೆ ಮಾಡಿದ ಲಕೋಟೆಗಳ ಮೇಲೆ ಅರಗು ಕರಗಿಸಿ ಮುದ್ರೆ ಒತ್ತುವಾಗ ಕೈ ಸುಟ್ಟುಕೊಂಡದ್ದೂ ಉಂಟು. ಆ ಅರಗಿನ ಹುಳು ನಮ್ಮ ಹೇನಿನ ದೂರದ ದಾಯಾದಿ. ಮುತ್ತುಗ, ಬೋರೆ ಮರಗಳ ಎಳೆ ಟೊಂಗೆಗೆ ಅದೇ ಬಗೆಯ ಸೂಜಿಬಾಯಿ ಚುಚ್ಚುತ್ತದೆ, ಅದೇ ರಸ ಕುಡಿಯುತ್ತದೆ, ಅಂಟನ್ನೂ ಹನಿಸುತ್ತದೆ. ಆದರೆ ಮೈಗ್ರಂಥಿಗಳಿಂದ ರಾಳ ಒಸರಿಸಿ, ಅದರೊಳಗೇ ತನ್ನನ್ನು ಹೂತುಕೊಳ್ಳುತ್ತದೆ. ಹೆಣ್ಣು ಒಮ್ಮೆ ಕೂತರೆ ಸಾಯುವವರೆಗೂ ಕದಲುವುದಿಲ್ಲ. ನಾವು ಅರಗೆಂದು ಕೆರೆದು ತರುವುದು ಅದರ ಈ ಮನೆಯನ್ನೇ.

ಹೈದರಾಬಾದಿನ ಲಾಡ್ ಬಜಾರಿನಿಂದ ಅರಗಿನ ಬಳೆ ತಂದಿದ್ದ ಮನೆಯಾಕೆಗೆ ಇದನ್ನು ಹೇಳಿದೆ. "ನೀವು ಉಡಿಸಿದ ರೇಷ್ಮೆ ಸೀರೆ ಏನು ಮರದಲ್ಲಿ ಕಾಯಿಬಿಟ್ಟಿತ್ತೇ?" ಎಂದಳು. ಚನ್ನಪಟ್ಟಣದ ಗೊಂಬೆಗಳ ಹೊಳಪು, ಹಳೆಯ ಗ್ರಾಮಫೋನ್ ತಟ್ಟೆ, ಮಾತ್ರೆಗಳ ಮೇಲಿನ ಲೇಪ, ಎಲ್ಲದರಲ್ಲೂ ಇದೇ ಹುಳುವಿನ ದುಡಿಮೆ. ಇದಕ್ಕಾಗಿಯೇ 1924ರಲ್ಲಿ ರಾಂಚಿಯ ಬಳಿ ಸಂಶೋಧನಾ ಸಂಸ್ಥೆ ಕಟ್ಟಿದರು.

ಹಾಗೆಂದು ಅರಗಿನ ಹುಳುವನ್ನು ಸಾಧು ಎನ್ನಲು ನನಗೆ ಮನಸ್ಸಿಲ್ಲ. ಮಿತಿಮೀರಿ ಬಿಟ್ಟರೆ ಟೊಂಗೆಗಳು ಒಣಗುತ್ತವೆ. ಬೆಳೆಗಾರರು ಮರಗಳನ್ನು ಸರದಿಯಂತೆ ಬಿಡುವು ಕೊಟ್ಟು ಸುಧಾರಿಸಬೇಕು. ಮರವನ್ನು ಕೇಳಿದರೆ ಇದೂ ಹೇನೇ. ಬೆಲೆ ಬರುತ್ತದೆಂದು ನಾವು ಸಾಕುತ್ತೇವೆ, ಅಷ್ಟೇ.

ಕುಸುಬೆಯ ಹೇನಿಗೆ ಆ ಭಾಗ್ಯವಿಲ್ಲ. ಗುಲಗಂಜಿ ಹುಳು ಕಂಡರೆ ನಾನು ಔಷಧದ ಡಬ್ಬಿ ಮುಟ್ಟುವುದಿಲ್ಲ, ಅದರ ಮರಿಗಳು ಹೇನನ್ನು ಚೆನ್ನಾಗಿಯೇ ತಿನ್ನುತ್ತವೆ. ಇಲ್ಲದಿದ್ದರೆ ಬೇವಿನ ಬೀಜದ ಕಷಾಯ. ಈ ಸಲ ಹದ ಸಿಕ್ಕರೆ ಸೆಪ್ಟೆಂಬರಿನಲ್ಲೇ ಬಿತ್ತುವುದೆಂದು ತಮ್ಮನಿಗೆ ಹೇಳಿದ್ದೇನೆ; ಹೇನು ಏರುವ ಹೊತ್ತಿಗೆ ಗಿಡ ಬಲಿತಿರುತ್ತದೆ.